ರಸ್ತೆ ಮೊದಲು, ಕಂದಾಯ ಆಮೇಲೆ ಎನ್ನುವವರಿಗೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಬಸವನಗುಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಕಾಯುವವರ ನಡುವೆ ಅದು ಕೇಳುತ್ತದೆ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗ್ಗೆ ಸುತ್ತು ಹಾಕುವವರ ಬಾಯಲ್ಲಿ ಕೇಳುತ್ತದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೊಪ್ಪು ಕೊಳ್ಳುವಾಗಲೂ ಕೇಳುತ್ತದೆ. "ನಾವ್ಯಾಕ್ರೀ ಕಂದಾಯ ಕಟ್ಬೇಕು? ಮೊದ್ಲು ರಸ್ತೆ ಸರಿ ಮಾಡ್ಲಿ, ಆಮೇಲೆ ಕೇಳ್ಲಿ." ಹೀಗೆ ಹೇಳಿದವರಲ್ಲಿ ಬಹಳ ಜನ ತಿಂಗಳು ಮುಗಿಯುವ ಮೊದಲು ಐದು ಪರ್ಸೆಂಟ್ ರಿಯಾಯಿತಿ ಸಿಗುವಾಗಲೇ ಕಟ್ಟಿಬಿಡುತ್ತಾರೆ ಎನ್ನುವುದು ನನಗೆ ಗೊತ್ತು. ಅವರು ಕಟ್ಟದೆ ಉಳಿಯುತ್ತಾರೆಂಬ ಚಿಂತೆ ನನ್ನದಲ್ಲ. ಆ ಮಾತೇ ನನ್ನ ಚಿಂತೆ. ಒಂದು ಕಾಲದಲ್ಲಿ ಬೇಸರಕ್ಕೆ ಆಡುತ್ತಿದ್ದ ಮಾತು ಈಗ ಸಿದ್ಧಾಂತವಾಗಿ ನಿಂತಿದೆ. ನಿವಾಸಿಗಳ ಸಂಘಗಳ ಮನವಿಪತ್ರದಲ್ಲಿ, ಟಿವಿ ಚರ್ಚೆಯಲ್ಲಿ, ಗುಂಡಿಯ ಪಕ್ಕ ಹಿಡಿದ ಫಲಕದಲ್ಲಿ ಅದು ಪ್ರಶ್ನಿಸಲಾಗದ ನ್ಯಾಯದಂತೆ ಕಾಣಿಸಿಕೊಳ್ಳುತ್ತದೆ. ವಿದ್ಯಾವಂತರು, ಸಾಲ ಇಟ್ಟುಕೊಳ್ಳದವರು, ಬದುಕಿನಲ್ಲಿ ಯಾರಿಗೂ ಒಂದು ರೂಪಾಯಿ ಬಾಕಿ ಉಳಿಸದವರು ಹಾಗೆನ್ನುತ್ತಾರೆ. ಅವರು ನನ್ನ ನೆರೆಯವರು, ನನ್ನ ಬಂಧುಗಳು. ಅವರು ತಪ್ಪು ಹೇಳುತ್ತಿದ್ದಾರೆ ಎಂದು ಬರೆಯುವುದು ಸುಲಭವಲ್ಲ, ಆದರೂ ಬರೆಯಲೇಬೇಕು.

ಅವರ ವಾದದ ಬುಡದಲ್ಲಿರುವುದು ಒಂದು ಅಂಗಡಿಯ ಚಿತ್ರ. ಪಾಲಿಕೆ ಅಂಗಡಿ, ನಾವು ಗಿರಾಕಿ, ಕಂದಾಯ ಬೆಲೆ. ಸರಕು ಕೆಟ್ಟಿದ್ದರೆ ಹಣ ಕೊಡಬೇಕಿಲ್ಲ. ಕೇಳುವುದಕ್ಕೆ ಎಷ್ಟು ಸರಳವಾಗಿದೆ! ಆದರೆ ಗಿರಾಕಿಗೆ ಇರುವ ಹಕ್ಕು ಒಂದೇ: ಸರಕು ಚೆನ್ನಾಗಿಲ್ಲದಿದ್ದರೆ ಇನ್ನೊಂದು ಅಂಗಡಿಗೆ ಹೋಗುವುದು. ಅಂಗಡಿಯಲ್ಲಿ ಏನು ತರಿಸಬೇಕು, ಎಷ್ಟಕ್ಕೆ ಮಾರಬೇಕು, ಲಾಭವನ್ನು ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವ ಹಕ್ಕು ಅವನಿಗಿಲ್ಲ. ನಗರಕ್ಕೆ ಇನ್ನೊಂದು ಅಂಗಡಿಯೂ ಇಲ್ಲ. ಬುಲ್ ಟೆಂಪಲ್ ರಸ್ತೆಯನ್ನು ಬಿಟ್ಟು ನಾವು ಬೇರೆ ರಸ್ತೆ ಕೊಳ್ಳಲಾರೆವು. ತನ್ನನ್ನು ಗಿರಾಕಿ ಎಂದು ಕರೆದುಕೊಂಡ ನಾಗರಿಕ ಯಜಮಾನನ ಸ್ಥಾನವನ್ನು ತಾನೇ ಬಿಟ್ಟುಕೊಡುತ್ತಾನೆ. ಬಿಟ್ಟುಕೊಟ್ಟದ್ದು ಅವನಿಗೆ ತಿಳಿಯುವುದೂ ಇಲ್ಲ.

ನಮ್ಮ ಪಾಲಿಕೆಯ ಹುಟ್ಟನ್ನೇ ನೋಡಿ. 1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಗಣ್ಯರು ಸೇರಿ ಬೆಂಗಳೂರಿನ ಮೊದಲ ಮುನಿಸಿಪಲ್ ಮಂಡಳಿ ರಚಿಸಿದರು. ಅದಕ್ಕೆ ಆಧಾರ 1850ರ ಪಟ್ಟಣ ಸುಧಾರಣಾ ಕಾಯ್ದೆ. 1881ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಮುನಿಸಿಪಾಲಿಟಿಗಳು ಕಾನೂನುಬದ್ಧವಾದವು. ಅದರ ಮರುವರ್ಷ ನಡೆದ ಎರಡು ಸಂಗತಿಗಳನ್ನು ಒಟ್ಟಿಗೆ ಓದಬೇಕು: ಸದಸ್ಯರಲ್ಲಿ ಅರ್ಧದಷ್ಟು ಜನರನ್ನು ಚುನಾಯಿಸಲು ಅವಕಾಶ ಸಿಕ್ಕಿತು, ಆಸ್ತಿ ತೆರಿಗೆಯೂ ಬಂತು. ಮತಪೆಟ್ಟಿಗೆಯೂ ಕಂದಾಯದ ಚೀಟಿಯೂ ಈ ಊರಿಗೆ ಬಂದದ್ದು ಜೊತೆಜೊತೆಯಾಗಿ. ಅದೇ 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಮುಂದೆ ಅದಕ್ಕೆ ಚುನಾವಣೆ ಬಂದಾಗ ಮತದ ಅರ್ಹತೆಯನ್ನು ಅಳೆದದ್ದು ಭೂಕಂದಾಯ, ಮೊಹತರ್ಫಾ ಎಂಬ ಕಸುಬಿನ ತೆರಿಗೆ ಕಟ್ಟುವ ಲೆಕ್ಕದ ಮೇಲೆ. ಬಡವರನ್ನೂ ಹೆಂಗಸರನ್ನೂ ಹೊರಗಿಟ್ಟ ಅನ್ಯಾಯದ ಅಳತೆ ಅದು. ಆ ಅಳತೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಟ್ಟುವವನಿಗೆ ಕೇಳುವ ಅಧಿಕಾರ ಇರಬೇಕು ಎಂಬ ತಿಳಿವಳಿಕೆ ಅರಮನೆಯ ಕಾಲದಲ್ಲೇ ಇತ್ತು. 1950ರಲ್ಲಿ ಬೆಂಗಳೂರು ಕಾರ್ಪೊರೇಷನ್ನಿನ ಮೊದಲ ಚುನಾವಣೆ ನಡೆದು ಎಪ್ಪತ್ತು ಪ್ರತಿನಿಧಿಗಳು ಬಂದಾಗ ಅದೇ ತಿಳಿವಳಿಕೆ ಎಲ್ಲರ ಪಾಲಿಗೂ ಬಂತು.

ಇಲ್ಲಿ ನನ್ನ ನೆರೆಯವರು ಒಂದು ಪ್ರಶ್ನೆ ಎತ್ತುತ್ತಾರೆ, ಅದು ಗಟ್ಟಿಯಾದ ಪ್ರಶ್ನೆಯೇ. "ಬಸವನಗುಡಿ, ಮಲ್ಲೇಶ್ವರಕ್ಕೆ ರಸ್ತೆ ಮೊದಲು ಬರಲಿಲ್ಲವೇ? ಮನೆ ಕಟ್ಟುವ ಮೊದಲೇ ಅಗಲವಾದ ರಸ್ತೆ, ಸಾಲು ಮರ, ಮನೆ ಹಿಂದೆ ಕನ್ಸರ್ವೆನ್ಸಿ ಓಣಿ, ಪಾರ್ಕು, ಎಲ್ಲ ಇತ್ತಲ್ಲ?" ಹೌದು, ಇತ್ತು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಹಳೇ ಪೇಟೆಯ ಒತ್ತು ಮನೆಗಳಲ್ಲಿ ಸಾವು ಸುತ್ತಿದಾಗ ಜನ ಬಸವನಗುಡಿಗೂ ಮಲ್ಲೇಶ್ವರಕ್ಕೂ ಬಂದು ನೆಲೆಸಿದರು. ಅಷ್ಟರಲ್ಲಿ ಹೆಸರಘಟ್ಟದ ನೀರು 1896ರಲ್ಲೇ ಊರು ಸೇರಿತ್ತು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ ದೀಪ ಬೆಳಗಿತು. ನಮ್ಮ ಅಜ್ಜಂದಿರ ಕಾಲಕ್ಕೆ ಸೌಕರ್ಯ ಮೊದಲು, ಕಂದಾಯ ಆಮೇಲೆ ಎಂಬಂತೆಯೇ ಕಾಣುತ್ತದೆ.

ಆ ಹಣ ಎಲ್ಲಿಂದ ಬಂತು? ಮೈಸೂರು ಸಂಸ್ಥಾನದ ಬೊಕ್ಕಸ ತುಂಬುತ್ತಿದ್ದದ್ದು ಮೊದಲಾಗಿ ಭೂಕಂದಾಯದಿಂದ, ಆಮೇಲೆ ಅಬಕಾರಿಯಿಂದ, ಕೋಲಾರದ ಚಿನ್ನದ ಗಣಿ ಕೊಡುತ್ತಿದ್ದ ರಾಜಧನದಿಂದ. ಬೇಸಾಯಗಾರ ಬೆಳೆ ಕೈಕೊಟ್ಟ ವರ್ಷವೂ ಶಾನುಭೋಗರ ಲೆಕ್ಕಕ್ಕೆ ಕಂದಾಯ ಕಟ್ಟಿದ್ದ. ಕೂಲಿಯವನು ಸಂಜೆಯ ಹೆಂಡಕ್ಕೆ ಕೊಟ್ಟ ಕಾಸಿನಲ್ಲಿ ಅಬಕಾರಿಯ ಪಾಲಿತ್ತು. ಕೆಜಿಎಫ್‌ನ ಆಳದಲ್ಲಿ ಕಲ್ಲು ಒಡೆದವನ ಎದೆಯಲ್ಲಿ ದೂಳು ತುಂಬಿತ್ತು. ಅವರ ಊರಿಗೆ ಅಗಲದ ರಸ್ತೆ ಹೋಗಲಿಲ್ಲ, ಕೊಳಾಯಿ ಹೋಗಲಿಲ್ಲ, ಪಾರ್ಕು ಹೋಗಲಿಲ್ಲ. ನಮಗೆ ರಸ್ತೆ ಮೊದಲು ಬಂದದ್ದು ಬೇರೆ ಯಾರೋ ಕಂದಾಯ ಮೊದಲು ಕಟ್ಟಿದ್ದರಿಂದ. ಇದನ್ನು ಮರೆತು "ಮೊದಲು ರಸ್ತೆ" ಎಂದು ಹೇಳುವ ಪ್ರತಿ ಸಲವೂ ನಾವು ಅದೇ ಏರ್ಪಾಡನ್ನು ಮತ್ತೆ ಬೇಡುತ್ತಿದ್ದೇವೆ: ಹಣ ಇನ್ನೊಬ್ಬರು ಹಾಕಲಿ, ಕೆಲಸ ನಮ್ಮ ಬೀದಿಯಲ್ಲಾಗಲಿ. ಆ ಇನ್ನೊಬ್ಬರು ಈಗಲೂ ಇದ್ದಾರೆ. ರಾಜ್ಯ ಸರ್ಕಾರದ ಅನುದಾನದಲ್ಲಿ ನಮ್ಮ ರಸ್ತೆಗೆ ಡಾಂಬರು ಬಿದ್ದರೆ ಅದರಲ್ಲಿ ರಾಯಚೂರಿನಲ್ಲಿ ಸೋಪು ಕೊಂಡವನ ಜಿಎಸ್‌ಟಿ ಇದೆ, ಕೊಪ್ಪಳದಲ್ಲಿ ಡೀಸೆಲ್ ಹಾಕಿಸಿದವನ ಮಾರಾಟ ತೆರಿಗೆ ಇದೆ.

ಈಗ ನಾವು ಎಷ್ಟು ಕಟ್ಟುತ್ತಿದ್ದೇವೆ ಎಂಬ ಲೆಕ್ಕಕ್ಕೆ ಬರೋಣ. 2008ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ತಂದ ವಿಧಾನದಲ್ಲಿ ಊರನ್ನು ಆರು ವಲಯ ಮಾಡಿ ಚದರಡಿಗೆ ಇಷ್ಟು ಎಂದು ದರ ಹಾಕಿದರು. ಎಲ್ಲಕ್ಕಿಂತ ಹೆಚ್ಚಿನ ದರದ ಎ ವಲಯದಲ್ಲಿ ಆರ್‌ಸಿಸಿ ಮನೆಗೆ, ಮಾಲೀಕರೇ ವಾಸವಿದ್ದರೆ, ಚದರಡಿಗೆ ಎರಡೂವರೆ ರೂಪಾಯಿ. ಬಾಡಿಗೆಗೆ ಕೊಟ್ಟಿದ್ದರೆ ಐದು ರೂಪಾಯಿ. ಸಾವಿರ ಚದರಡಿಯ ಮನೆಗೆ ಎರಡೂವರೆಯಂತೆ ಹತ್ತು ತಿಂಗಳಿಗೆ 25,000. ಅದರ ಶೇ 20ರಷ್ಟು ತೆರಿಗೆ, ಅಂದರೆ 5,000. ಮೇಲೆ ಶೇ 24ರ ಸೆಸ್ 1,200. ಒಟ್ಟು ವರ್ಷಕ್ಕೆ 6,200 ರೂಪಾಯಿ. ಮನೆ ಹಳೆಯದಾದಷ್ಟೂ ಸವಕಳಿ ಎಂದು ಇನ್ನಷ್ಟು ಕಡಿತ, ಬಸವನಗುಡಿಯಲ್ಲಿ ಹಳೇ ಮನೆಗಳೇ ಹೆಚ್ಚು. 2008ರ ದರ 2016ರವರೆಗೆ ಕದಲಲಿಲ್ಲ. ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರಿಸಬೇಕೆಂದು ಕಾನೂನೇ ಹೇಳಿದರೂ ಯಾರೂ ಮುಟ್ಟಲಿಲ್ಲ. 2016ರಲ್ಲಿ ವಾಸದ ಮನೆಗೆ ಶೇ 20 ಏರಿತು. ಆಗಲೂ ಸವಕಳಿ ಕಳೆಯದೆ ಹಿಡಿದ ಲೆಕ್ಕ ವರ್ಷಕ್ಕೆ 7,440 ರೂಪಾಯಿ. ಕೋಟಿಗಳಲ್ಲಿ ಬೆಲೆ ಬಾಳುವ ಮನೆಗೆ ತಿಂಗಳಿಗೆ 620 ರೂಪಾಯಿ.

ಕೇಂದ್ರ ಸರ್ಕಾರದ 2016–17ರ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರಗಳನ್ನು ಹಿಡಿದು ಬೆಂಗಳೂರು ಮತ್ತು ಜೈಪುರದ ಕಟ್ಟಡಗಳನ್ನು ಅಂದಾಜು ಮಾಡಿತು. ಈ ನಗರಗಳು ಸಂಗ್ರಹಿಸಬಹುದಾದ ಆಸ್ತಿ ತೆರಿಗೆಯಲ್ಲಿ ಸಂಗ್ರಹವಾಗುತ್ತಿರುವುದು ಶೇ 5ರಿಂದ 20 ಮಾತ್ರ ಎಂಬ ತೀರ್ಮಾನಕ್ಕೆ ಬಂತು. ಅಲ್ಲಿಂದ ಇಲ್ಲಿಗೆ ಸಂಗ್ರಹ ಏರಿದೆ ನಿಜ. 2024–25ರಲ್ಲಿ ಬಿಬಿಎಂಪಿಗೆ ಆಸ್ತಿ ತೆರಿಗೆಯಿಂದ ಬಂದದ್ದು ಸುಮಾರು 4,900 ಕೋಟಿ. ಮರುವರ್ಷದ ಬಜೆಟ್ ಸುಮಾರು 19,900 ಕೋಟಿ. ನಾಲ್ಕರಲ್ಲಿ ಒಂದು ಪಾಲು ಹೊರುವ ನಾವು ಉಳಿದ ಮೂರು ಪಾಲನ್ನೂ ನಮ್ಮದೇ ಎಂದು ಭಾವಿಸಿ ಮಾತಾಡುತ್ತೇವೆ.

ಇನ್ನೊಂದು ಸಂಗತಿ ಹೇಳದೆ ಹೋದರೆ ಮೇಲಿನ ಲೆಕ್ಕ ಅಪ್ರಾಮಾಣಿಕವಾಗುತ್ತದೆ. ನಮ್ಮ ಬೀದಿಗಳಲ್ಲಿ ಎಷ್ಟೋ ಮನೆಗಳ ಮೇಲಿನ ಮಹಡಿ ಬಾಡಿಗೆಗಿದೆ, ಕಾಗದದಲ್ಲಿ ಮಾತ್ರ ಇಡೀ ಮನೆ ಸ್ವಂತ ವಾಸ. ಎರಡೂವರೆಗೂ ಐದಕ್ಕೂ ನಡುವಿನ ಆ ಎರಡೂವರೆ ರೂಪಾಯಿ ನಾವೇ ತೆಗೆದುಕೊಂಡದ್ದು. ನಮ್ಮ ಮನೆಯಲ್ಲೂ ಹಲವು ವರ್ಷ ಹಾಗೇ ನಡೆದಿತ್ತು. ಅರ್ಜಿ ತುಂಬಿದ್ದು ನಾನೇ. ಆಗ ನನಗೆ ಅದು ಸುಳ್ಳು ಎಂದು ಅನ್ನಿಸಲೇ ಇಲ್ಲ. ಎಲ್ಲರೂ ಹಾಗೇ ಬರೆಯುತ್ತಿದ್ದರು. "ಏನು ಕೊಟ್ಟಿದ್ದಾರೆ ಇವರು ನಮಗೆ?" ಎಂಬ ಮಾತೇ ನನಗೆ ಸಮಾಧಾನ ಹೇಳಿತ್ತು. ಆ ಮಾತಿನ ನಿಜವಾದ ಕೆಲಸ ಇದು. ಪಾಲಿಕೆಯನ್ನು ಅದು ಎಚ್ಚರಿಸಿದ್ದನ್ನು ನಾನು ಕಂಡಿಲ್ಲ, ನಮ್ಮ ಮನಸ್ಸಾಕ್ಷಿಯನ್ನು ಮಲಗಿಸಿದ್ದನ್ನು ಕಂಡಿದ್ದೇನೆ.

ಕಂದಾಯ ಕಟ್ಟಿದ ಮೇಲೆ ಪ್ರಶ್ನೆ ಹುಟ್ಟುತ್ತದೆ ಎನ್ನುವುದಕ್ಕೆ ಸಾಕ್ಷಿ ಇದೇ ಊರಿನಲ್ಲಿದೆ. 2000ಕ್ಕೆ ಮೊದಲು ಮನೆಗೆ ಎಷ್ಟು ಬಾಡಿಗೆ ಬರಬಹುದು ಎಂದು ಕಂದಾಯದ ಇನ್‌ಸ್ಪೆಕ್ಟರ್ ಊಹಿಸಿ ತೆರಿಗೆ ನಿಗದಿ ಮಾಡುತ್ತಿದ್ದರು. ಆ ಊಹೆಗೆ ಚೌಕಾಶಿ ಇತ್ತು, ಚೌಕಾಶಿಗೆ ಒಂದು ಬೆಲೆಯೂ ಇತ್ತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000ದಲ್ಲಿ, ಮಹಾನಗರ ಪಾಲಿಕೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. ನಿಮ್ಮ ಮನೆ ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ, ನೀವೇ ಬರೆಯಿರಿ. ಆ ವರ್ಷ ನಮ್ಮ ಬೀದಿಯಲ್ಲಿ ದರ್ಜಿಯಿಂದ ಟೇಪು ಎರವಲು ತಂದು ನಡುಮನೆ ಅಳೆದವರನ್ನು ನೋಡಿದ್ದೇನೆ. ಒಬ್ಬರು ತುದಿ ಹಿಡಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಸರ್ಕಾರ ನಮ್ಮ ಮಾತನ್ನು ನಂಬುತ್ತಿದೆ ಎಂಬುದು ನಿವೃತ್ತ ಮೇಷ್ಟರುಗಳಿಗೂ ಬ್ಯಾಂಕ್ ಗುಮಾಸ್ತರಿಗೂ ಹೊಸ ಅನುಭವ. ಸಂಗ್ರಹ ಏರಿತು. ಎರಡು ವರ್ಷದೊಳಗೆ, 2002ರಲ್ಲಿ, ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್ ಮೊದಲಾದ ಸಂಸ್ಥೆಗಳು ಸೇರಿ 'ಪ್ರೂಫ್' ಎಂಬ ಆಂದೋಲನ ಶುರುಮಾಡಿದವು. ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು ಜನರ ಮುಂದಿಡಬೇಕು ಎನ್ನುವುದು ಅದರ ಬೇಡಿಕೆ. ಗೃಹಿಣಿಯರು, ನಿವೃತ್ತರು ಕೂತು ಪಾಲಿಕೆಯ ಜಮಾಖರ್ಚು ಓದುವುದನ್ನು ಕಲಿತರು. ಮನೆ ಅಳೆದ ಕೈಯೇ ಲೆಕ್ಕಪತ್ರ ಕೇಳಿತು. ರಸ್ತೆ ಸರಿಯಾಗುವವರೆಗೆ ಅವರು ಕಾದಿದ್ದರೆ ಈ ಯಾವುದೂ ನಡೆಯುತ್ತಿರಲಿಲ್ಲ.

2008ರ ಸುಧಾರಣೆ ಲೆಕ್ಕದಲ್ಲಿ ಹೆಚ್ಚು ಅಚ್ಚುಕಟ್ಟಾಗಿತ್ತು, ವಲಯ, ದರ, ಸವಕಳಿ ಎಲ್ಲ ಕೋಷ್ಟಕದಲ್ಲಿದ್ದವು. ಆದರೂ ಅದರಿಂದ ಇನ್ನೊಂದು ಪ್ರೂಫ್ ಹುಟ್ಟಲಿಲ್ಲ. ಅದು ಬಂದಾಗ ನಗರದಲ್ಲಿ ಚುನಾಯಿತ ಪರಿಷತ್ತೇ ಇರಲಿಲ್ಲ. 2006ರ ನವೆಂಬರಿಗೆ ಹಳೇ ಪರಿಷತ್ತಿನ ಅವಧಿ ಮುಗಿಯಿತು. 2007ರಲ್ಲಿ ಸುತ್ತಲಿನ ನಗರಸಭೆ, ಪುರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಮೂರು ವರ್ಷಕ್ಕೂ ಮಿಕ್ಕಿದ ಆ ಕಾಲದಲ್ಲಿ ಅಧಿಕಾರಿಗಳು ದರ ಗೊತ್ತುಮಾಡಿದರು, ನಾವು ಕಟ್ಟಿದೆವು. ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಅದು ಚಿಕ್ಕ ಅಂತರ. ದೊಡ್ಡದು ಆಮೇಲೆ ಬಂತು. 2020ರ ಸೆಪ್ಟೆಂಬರ್ 10ರಂದು ಬಿಬಿಎಂಪಿ ಪರಿಷತ್ತಿನ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎನ್ನುತ್ತದೆ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ. ವಾರ್ಡ್ ಎಷ್ಟು ಎಂಬ ತಕರಾರು, ಮೀಸಲಾತಿಯ ತಕರಾರು, ಹೊಸ ಕಾಯ್ದೆಯ ತಕರಾರು ಒಂದಾದ ಮೇಲೊಂದು ಬಂದವು. ಆಡಳಿತ ನಡೆಸಿದ ಪಕ್ಷ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆದು ಇಲ್ಲವಾಯಿತು. ಐದು ವರ್ಷ, ಒಂದು ಪರಿಷತ್ತಿನ ಪೂರ್ಣ ಆಯುಷ್ಯದಷ್ಟು ಕಾಲ, ಬೆಂಗಳೂರಿನವರು ತಮ್ಮ ಪ್ರತಿನಿಧಿಯಿಲ್ಲದೆ ಕಂದಾಯ ಕಟ್ಟಿದರು. ಆ ಐದು ವರ್ಷದಲ್ಲಿ ನಮ್ಮ ಬಡಾವಣೆಗಳಲ್ಲಿ ಎಷ್ಟು ಅಂಗಡಿ ಬಾಗಿಲು ಹಾಕಿದವು? ಎಷ್ಟು ಜನ ಟೌನ್‌ಹಾಲ್ ಮೆಟ್ಟಿಲ ಮೇಲೆ ಕೂತರು? 2025ರ ಏಪ್ರಿಲ್‌ನಿಂದ ಕಸಕ್ಕೆಂದು ತಿಂಗಳಿಗೆ ಕಟ್ಟಡದ ಗಾತ್ರ ನೋಡಿ 10ರಿಂದ 400 ರೂಪಾಯಿವರೆಗೆ ಶುಲ್ಕ ಸೇರಿಸಿದಾಗ ಎದ್ದ ಗಲಾಟೆ ನೆನಪಿದೆ. ಚುನಾವಣೆ ಇಲ್ಲದ್ದಕ್ಕೆ ಅದರ ಹತ್ತರಲ್ಲಿ ಒಂದು ಪಾಲು ಗಲಾಟೆಯೂ ಏಳಲಿಲ್ಲ.

ತೆರಿಗೆ ನಿರಾಕರಿಸುವುದು ಕನ್ನಡ ನಾಡಿಗೆ ಹೊಸದಲ್ಲ. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಗುತ್ತಿಗೆ ಹಿಡಿದವರ ಸುಲಿಗೆ ತಾಳಲಾರದೆ ಎದ್ದ ಆ ದಂಗೆಯಿಂದ ಮೈಸೂರು ಅರಸರ ಕೈಯಿಂದಲೇ ಆಡಳಿತ ಜಾರಿತು. ನೂರು ವರ್ಷದ ಮೇಲೆ, 1930ರ ದಶಕದ ಆರಂಭದಲ್ಲಿ, ಅಂಕೋಲೆ, ಸಿದ್ದಾಪುರ, ಹಿರೇಕೆರೂರಿನ ರೈತರು ಕರನಿರಾಕರಣೆ ಮಾಡಿದರು. ಗದ್ದೆ ಜಪ್ತಿಯಾಯಿತು, ದನ ಹರಾಜಾದವು, ಮನೆ ಬಿಟ್ಟು ಹೋದರು. ಅವರು ರಸ್ತೆ ಕೇಳಲಿಲ್ಲ. ನಮ್ಮನ್ನು ಕೇಳದೆ ನಮ್ಮ ಮೇಲೆ ಆಳುವ ಸರ್ಕಾರಕ್ಕೆ ಕಂದಾಯ ಕೊಡೆವು ಎಂದರು. ಆ ನಿರಾಕರಣೆಗೆ ಒಂದು ತೂಕವಿದೆ. ನಮ್ಮ ಊರಿನಲ್ಲೂ ಹಾಗೆ ನಿರಾಕರಿಸುವುದಕ್ಕೆ ಐದು ವರ್ಷ ತಕ್ಕ ಕಾರಣವಿತ್ತು. ಆ ಕಾರಣವನ್ನು ಬಿಟ್ಟು ಗುಂಡಿಯನ್ನು ಹಿಡಿದುಕೊಂಡೆವು. ಗುಂಡಿ ಮುಚ್ಚಿದ ದಿನ ನಮ್ಮ ದೂರು ಮುಗಿದುಹೋಗುತ್ತದೆ. ಆಳುವವರಿಗೆ ಬೇಕಾದದ್ದೂ ಅದೇ. ಮುಖ್ಯಮಂತ್ರಿ, ಉಪಮುಖ್ಯಮಂತ್ರಿ ರಾತ್ರಿ ಹೊತ್ತು ಕಾರಿನಲ್ಲಿ ಬಂದು ರಸ್ತೆ ಪರಿಶೀಲನೆ ಮಾಡಿ ಗಡುವು ಕೊಟ್ಟು ಹೋಗುವುದನ್ನು ಸುದ್ದಿಯಲ್ಲಿ ನೋಡುತ್ತೇವೆ. ವಾರ್ಡಿನ ಗುಂಡಿಗೆ ವಿಧಾನಸೌಧ ಉತ್ತರ ಕೊಡುವ ಸ್ಥಿತಿ ನಮಗೆ ಸಹಜವಾಗಿ ಕಾಣತೊಡಗಿದೆ.

ಈ ವಿಷಯ ಬೆಂಗಳೂರಿಗೆ ಮಾತ್ರ ಸೇರಿದ್ದಲ್ಲ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1956ರಲ್ಲಿ ಭಾರತಕ್ಕೆ ಬಂದು ನಮ್ಮ ತೆರಿಗೆ ಸುಧಾರಣೆಯ ಬಗ್ಗೆ ವರದಿ ಕೊಟ್ಟವರು. ಹಿಂದುಳಿದ ದೇಶಗಳು ತೆರಿಗೆ ಹಾಕುವುದನ್ನು ಕಲಿತಾವೇ ಎಂದು 1963ರಲ್ಲಿ ಅವರು ಒಂದು ಲೇಖನದ ಶೀರ್ಷಿಕೆಯಲ್ಲೇ ಕೇಳಿದರು. ಅವರ ಸಲಹೆಯಂತೆ ಬಂದ ವೆಚ್ಚ ತೆರಿಗೆ ನಮ್ಮಲ್ಲಿ ಬೇಗನೆ ಬಿದ್ದುಹೋಯಿತು. ಕಲಿಯುವುದು ಹೇಗೆ ಎನ್ನುವುದಕ್ಕೆ ಇತ್ತೀಚಿನ ಒಂದು ಉತ್ತರ ಕಾಂಗೋದ ಕನಂಗಾ ನಗರದಿಂದ ಬಂದಿದೆ. ಜಗತ್ತಿನ ಅತಿ ದುರ್ಬಲ ಸರ್ಕಾರಗಳಲ್ಲಿ ಒಂದು ಅಲ್ಲಿಯದು. ನಮ್ಮ ಗುಂಡಿ ಬಿದ್ದ ರಸ್ತೆಗಳು ಅಲ್ಲಿನವರಿಗೆ ಹೆದ್ದಾರಿ. 2016ರಲ್ಲಿ ಆ ನಗರದ ಕೆಲವು ಬಡಾವಣೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ಮನೆಮನೆಗೆ ಹೋಗಿ ಆಸ್ತಿ ತೆರಿಗೆ ವಸೂಲಿ ಮಾಡಿದರು. ಉಳಿದ ಬಡಾವಣೆಗಳನ್ನು ಹಾಗೇ ಬಿಟ್ಟರು. ಜೊನಾಥನ್ ವೈಗಲ್ ಎಂಬ ಸಂಶೋಧಕ ಎರಡನ್ನೂ ಹೋಲಿಸಿದರು. ತೆರಿಗೆ ವಸೂಲಿಯಾದ ಬಡಾವಣೆಗಳ ಜನ ಸರ್ಕಾರದ ಸಭೆಗೆ ಬಂದದ್ದು, ಅದರ ಕೆಲಸದ ಬಗ್ಗೆ ಅಭಿಪ್ರಾಯ ಬರೆದುಕೊಟ್ಟದ್ದು ಹೆಚ್ಚು. ಆ ಜನರಿಗೆ ರಸ್ತೆ ಸಿಕ್ಕಿರಲಿಲ್ಲ, ದೀಪ ಸಿಕ್ಕಿರಲಿಲ್ಲ. ಮನೆ ಬಾಗಿಲಿಗೆ ಬಂದ ತೆರಿಗೆಯವನು ಅವರಿಗೆ ಸರ್ಕಾರ ಒಂದಿದೆ ಎಂಬುದನ್ನು ತೋರಿಸಿದ್ದ. ಇದ್ದ ಮೇಲೆ ಕೇಳಬೇಕಲ್ಲ. ಸಿಯೆರಾ ಲಿಯೋನಿನ ರಾಜಧಾನಿ ಫ್ರೀಟೌನ್‌ನಲ್ಲಿ ಮೇಯರ್ ಇವೊನ್ ಅಕಿ-ಸಾಯರ್ 2020ರ ಸುಮಾರಿಗೆ ಆಸ್ತಿ ತೆರಿಗೆಯನ್ನು ಹೊಸದಾಗಿ ರೂಪಿಸಿದಾಗ ದೊಡ್ಡ ಮನೆಗೆ ಹೆಚ್ಚು, ಗುಡಿಸಿಲಿಗೆ ಕಡಿಮೆ ಎಂದು ಅಳತೆ ಸರಿಮಾಡಿದರು. ಅದು ಸಾಧ್ಯವಾದದ್ದು ಅವರು ಚುನಾಯಿತ ಮೇಯರ್ ಆಗಿದ್ದರಿಂದ, ಜನರ ಮುಂದೆ ನಿಂತು ವಾದಿಸಲು ಅವರಿಗೆ ಒಂದು ಸ್ಥಾನ ಇದ್ದದ್ದರಿಂದ.

ನಮ್ಮ ಸರ್ಕಾರಗಳೂ ಗಿರಾಕಿಯ ಭಾಷೆಯಲ್ಲೇ ಉತ್ತರಿಸುತ್ತವೆ. ಅವುಗಳ ಪಾಲಿಗೆ ಸುಧಾರಣೆ ಎಂದರೆ ಸಾಫ್ಟ್‌ವೇರ್, ಇ-ಖಾತೆ, ನೋಟಿಸು, ಆಮೇಲೆ ಒಂದು ಬಾರಿಯ ಇತ್ಯರ್ಥ. 2024ರಲ್ಲಿ ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿದಾಗ ವರ್ಷವರ್ಷ ಸರಿಯಾಗಿ ಕಟ್ಟಿದವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಸಾವಿರಾರು ನೋಟಿಸು ಕಳಿಸಿತು. ಹಾವೇರಿಯಲ್ಲಿ ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ರೂಪಾಯಿಯ ನೋಟಿಸು ಬಂತು. ವಾರದೊಳಗೆ ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಅಂಟಿಕೊಂಡವು. ಸರ್ಕಾರ ಹಿಂದೆ ಸರಿದು ಹಳೇ ಬಾಕಿ ಕೇಳುವುದಿಲ್ಲ ಎಂದಿತು. ತೆರಿಗೆ ಯಾಕೆ, ಯಾವುದಕ್ಕೆ, ಯಾರು ತೀರ್ಮಾನಿಸಿದರು ಎಂದು ಕೂತು ಮಾತಾಡದೆ ಯಂತ್ರದಿಂದ ಬಿಲ್ಲು ಕಳಿಸಿದರೆ ಜನ ಯಂತ್ರದಿಂದಲೇ ಮರೆಯಾಗುತ್ತಾರೆ. ಅಂಗಡಿಯವರಿಗೆ ಗೊತ್ತಿರುವ ಈ ಮಾತು ಇಲಾಖೆಗೆ ಯಾಕೆ ಹೊಳೆಯಲಿಲ್ಲವೋ.

"ಕಾರ್ಪೊರೇಟರುಗಳೆಲ್ಲ ಕಳ್ಳರು, ಅವರಿಲ್ಲದಿದ್ದರೇ ಒಳ್ಳೇದು" ಎನ್ನುವವರಿಗೆ ನನ್ನ ಬಳಿ ಇರುವ ಉತ್ತರ ಚಿಕ್ಕದು. ಹಿಂದೆ ನಮ್ಮ ರಸ್ತೆಯ ಚರಂಡಿ ಕಟ್ಟಿಕೊಂಡಾಗ ನನ್ನ ತಂದೆ ಕಾರ್ಪೊರೇಟರ ಮನೆಗೆ ನಡೆದುಕೊಂಡು ಹೋಗುತ್ತಿದ್ದರು. ಆ ಮನುಷ್ಯ ಸತ್ಯಹರಿಶ್ಚಂದ್ರ ಅಲ್ಲ. ಆದರೆ ಬಾಗಿಲು ತೆರೆಯುತ್ತಿದ್ದ, ಯಾಕೆಂದರೆ ಐದು ವರ್ಷಕ್ಕೊಮ್ಮೆ ಅವನೂ ನಮ್ಮ ಬಾಗಿಲಿಗೆ ಬರಬೇಕಿತ್ತು. ಪರಿಷತ್ತಿಲ್ಲದ ಆ ಐದು ವರ್ಷ ಕಡತದ ಮೇಲೆ ಸಹಿ ಹಾಕಿದ ಅಧಿಕಾರಿ ಯಾವ ಬಾಗಿಲಿಗೂ ಬರಬೇಕಾಗಿರಲಿಲ್ಲ. ಮೊದಲಿಗಿಂತ ಕಳ್ಳತನ ಕಡಿಮೆಯಾಯಿತೆಂದು ಹೇಳುವ ಒಬ್ಬರನ್ನೂ ನಾನು ಕಂಡಿಲ್ಲ. 2018ರ ಕೊನೆಯಿಂದ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ನಡೆಯತೊಡಗಿದಾಗ ನಾನು ನಾಲ್ಕೈದಕ್ಕೆ ಹೋದೆ. ಬಂದವರು ಎರಡು ಕೈ ಬೆರಳೆಣಿಕೆಯಷ್ಟು. ಪ್ರತಿಯೊಬ್ಬರೂ ತಮ್ಮ ಮನೆ ಮುಂದಿನ ದೀಪದ ಬಗ್ಗೆ ಮಾತಾಡಿದರು, ವಾರ್ಡಿನ ಬಜೆಟ್ಟಿನ ಬಗ್ಗೆ ಯಾರೂ ಕೇಳಲಿಲ್ಲ. ಗಿರಾಕಿಗಳು ಸಭೆಗೆ ಬಂದರೆ ಹೀಗೇ ಆಗುತ್ತದೆ.

"ನಾನು ಶೇ 30 ಆದಾಯ ತೆರಿಗೆ ಕಟ್ಟುತ್ತೇನೆ, ಇನ್ನೇನು ಕಟ್ಟಲಿ?" ಎನ್ನುವ ಮಾತೂ ಇದೆ. ಆ ಹಣ ದೆಹಲಿಗೆ ಹೋಗುತ್ತದೆ. ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.71 ಇದ್ದದ್ದು 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ಜಂತರ್ ಮಂತರ್‌ನಲ್ಲಿ ಕೂತು "ನನ್ನ ತೆರಿಗೆ, ನನ್ನ ಹಕ್ಕು" ಎಂದು ಕೂಗಿತು. ನ್ಯಾಯವಾದ ಕೂಗು, ನಾನೂ ದನಿ ಸೇರಿಸಿದವನು. ಆದರೆ ಅದೇ ಸರ್ಕಾರ ಬೆಂಗಳೂರಿನ ವಾರ್ಡಿಗೆ ಆ ಹಕ್ಕನ್ನು ಕೊಟ್ಟಿರಲಿಲ್ಲ. 1979ರಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಸುಂಕ, ರದ್ದಾದ ಮೇಲೆ ನಗರದ ಕೈಯಲ್ಲಿ ಉಳಿದ ದೊಡ್ಡ ಸ್ವಂತ ಆದಾಯ ಮನೆ ಕಂದಾಯ ಒಂದೇ. ನೀರು ಒಂದು ಮಂಡಳಿಗೆ, ಬಡಾವಣೆ ಒಂದು ಪ್ರಾಧಿಕಾರಕ್ಕೆ, ಬಸ್ಸು ಒಂದು ನಿಗಮಕ್ಕೆ ಹೋಗಿವೆ. ಊರಿನವರು ತಾವಾಗಿ ತೀರ್ಮಾನಿಸಬಹುದಾದ ಹಣ ಈ ಕಂದಾಯ ಮಾತ್ರ. ಇದನ್ನೂ ಬೇಡ ಎಂದರೆ ಊರು ಪೂರ್ತಿಯಾಗಿ ಅನುದಾನದ ಮೇಲೆ ಬದುಕಬೇಕು. ಅನುದಾನದ ಕೊನೆಯಲ್ಲಿ ಯಾವಾಗಲೂ ಇನ್ನೊಬ್ಬರ ಸಹಿ ಇರುತ್ತದೆ.

ಗಾಂಧಿಬಜಾರಿನಲ್ಲಿ ಹೂ ಮಾರುವವಳನ್ನು ತೋರಿಸಿ "ಇವರೆಲ್ಲ ತೆರಿಗೆ ಕಟ್ಟಲ್ಲ, ನಾವು ಕಟ್ಟೋದು" ಎಂದವರೂ ಇದ್ದಾರೆ. ಅವಳು ಮಗಳಿಗೆ ಕೊಂಡ ಚಪ್ಪಲಿಗೆ, ಮೊಬೈಲಿಗೆ ಹಾಕಿಸಿದ ಕರೆನ್ಸಿಗೆ ಕಟ್ಟಿದ್ದಾಳೆ. ಮಳೆಯಲ್ಲಿ ಆ ರಸ್ತೆಯ ಕಾಮಗಾರಿ ನಡೆದಷ್ಟು ಕಾಲವೂ ವ್ಯಾಪಾರ ಕಳೆದುಕೊಂಡವಳೂ ಅವಳೇ. ಕಂದಾಯದ ರಸೀದಿಯನ್ನು ಎದೆಗೆ ಅಂಟಿಸಿಕೊಂಡು ಅವಳಿಗಿಂತ ಮೇಲೆ ನಿಲ್ಲುವುದಾದರೆ ನಾನು ಇಲ್ಲಿವರೆಗೆ ಬರೆದದ್ದೆಲ್ಲ ವ್ಯರ್ಥ.

ನಾನು ಕೇಳುತ್ತಿರುವುದು ಹೆಚ್ಚಿನದೇನಲ್ಲ. ಪೂರ್ತಿ ಕಟ್ಟೋಣ, ಸರಿಯಾಗಿ ಅಳೆದು ಕಟ್ಟೋಣ, ದರ ಏರಿಸಬೇಕಾದಲ್ಲಿ ಏರಲಿ ಎಂದು ನಾವೇ ಹೇಳೋಣ. ಅದೇ ಉಸಿರಿನಲ್ಲಿ ಪರಿಷತ್ತು ಕೇಳೋಣ, ವಾರ್ಡಿನ ಲೆಕ್ಕ ಕೇಳೋಣ. ಗ್ರಂಥಾಲಯಕ್ಕೆಂದು ನಮ್ಮಿಂದ ಶೇ 6ರ ಸೆಸ್ ತೆಗೆದುಕೊಂಡು ಗ್ರಂಥಾಲಯ ಇಲಾಖೆಗೆ ಅದನ್ನು ವರ್ಷಗಟ್ಟಲೆ ಬಾಕಿ ಉಳಿಸಿದ್ದು ಯಾಕೆ ಎಂದು ಕೇಳೋಣ. ಕಟ್ಟದವನಿಗೆ ಈ ಪ್ರಶ್ನೆಗಳನ್ನು ಕೇಳುವ ಗಂಟಲೇ ಇರುವುದಿಲ್ಲ.

ಈ ಏಪ್ರಿಲ್‌ನಲ್ಲಿ ಅರ್ಜಿ ತುಂಬಲು ಕೂತಾಗ ಮೇಲಿನ ಮಹಡಿಯನ್ನು ಬಾಡಿಗೆ ಎಂಬ ಕಾಲಂನಲ್ಲಿ ಬರೆದೆ. ಆ ಭಾಗಕ್ಕೆ ದರ ಇಮ್ಮಡಿಯಾಯಿತು, ಕಟ್ಟಿದೆ. ರಸೀದಿಯ ಪ್ರತಿ ತೆಗೆದು, ಮಾಹಿತಿ ಹಕ್ಕಿನ ಅರ್ಜಿಗೆ ಲಗತ್ತಿಸಿ, ಎರಡು ಪ್ರಶ್ನೆ ಬರೆದೆ: ಕಳೆದ ವರ್ಷ ನಮ್ಮ ವಾರ್ಡಿನಲ್ಲಿ ಸಂಗ್ರಹವಾದ ಆಸ್ತಿ ತೆರಿಗೆ ಎಷ್ಟು, ಅದೇ ವಾರ್ಡಿನಲ್ಲಿ ಖರ್ಚಾದದ್ದು ಎಷ್ಟು. ಪಕ್ಕದ ಮನೆಯವರಿಗೆ ಅರ್ಜಿಯನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ತಮ್ಮ ರಸೀದಿಯನ್ನೂ ತಂದುಕೊಟ್ಟರು. ಈಗ ಎರಡು ಅರ್ಜಿ ಹೋಗಿವೆ. ಉತ್ತರಕ್ಕೆ ಕಾನೂನು ಕೊಟ್ಟ ಗಡುವು ಮೂವತ್ತು ದಿನ.